ಚೀಲದ ಮೇಲಿನ ತಾರೀಖು

(ಕಾಲೇಜುಗಳ ಎನ್‌ಎಸ್‌ಎಸ್ ಅಧಿಕಾರಿಗಳು, ರೋಟರಿ ಮತ್ತು ಲಯನ್ಸ್ ಕ್ಲಬ್‌ಗಳ ಪದಾಧಿಕಾರಿಗಳು, ಯುವಕ ಸಂಘಗಳ ಸಂಘಟಕರು ಸೇರಿದ್ದ ಸಭೆಯಲ್ಲಿ ರಕ್ತಕೇಂದ್ರದಲ್ಲಿ (ಬ್ಲಡ್ ಬ್ಯಾಂಕಿನಲ್ಲಿ) ಕೆಲಸ ಮಾಡುವವರೊಬ್ಬರು ಮಾಡಿದ ಉಪನ್ಯಾಸದ ಬರಹ ರೂಪ. ಆಡುಮಾತಿನ ಪುನರುಕ್ತಿಗಳನ್ನು ತೆಗೆದಿದೆ. ಕೊನೆಯಲ್ಲಿ ಸಭಿಕರು ಕೇಳಿದ ಪ್ರಶ್ನೆಗಳಲ್ಲಿ ಎರಡನ್ನು ಉಳಿಸಿಕೊಂಡಿದೆ.)

ಎಲ್ಲರಿಗೂ ನಮಸ್ಕಾರ.

ಇಲ್ಲಿ ಕೂತಿರುವವರಲ್ಲಿ ಹೆಚ್ಚಿನವರು ಒಂದಲ್ಲ ಒಂದು ರಕ್ತದಾನ ಶಿಬಿರ ನಡೆಸಿದವರು. ಆದ್ದರಿಂದ ರಕ್ತದಾನದ ಮಹಿಮೆಯನ್ನು ನಾನು ಹಾಡುವುದಿಲ್ಲ. ಆ ಕೆಲಸವನ್ನು ನಿಮ್ಮ ಬ್ಯಾನರುಗಳೇ ಮಾಡುತ್ತವೆ. ಬ್ಯಾನರು ಇಳಿಸಿ, ಶಾಮಿಯಾನ ಬಿಚ್ಚಿ, ಮಿಕ್ಕ ಬಾಳೆಹಣ್ಣು ಹಂಚಿ ನೀವು ಮನೆಗೆ ಹೋದ ಮೇಲೆ ವ್ಯಾನಿನಲ್ಲಿದ್ದ ಆ ಚೀಲಗಳು ಎಲ್ಲಿಗೆ ಹೋದವು, ಯಾರ ಕೈಯಿಂದ ಯಾರ ಕೈಗೆ ದಾಟಿದವು, ಆ ಕೈಗಳ ನಡುವೆ ಏನು ಒಪ್ಪಂದವಿತ್ತು ಎಂಬುದು ನನ್ನ ವಿಷಯ.

ಒಂದು ಪ್ರಶ್ನೆ ಇಟ್ಟುಕೊಂಡು ಹೊರಡೋಣ. ಒಂದು ಚೀಲ ರಕ್ತ ಯಾರಿಗೂ ಬಳಕೆಯಾಗದೆ ಅವಧಿ ಮುಗಿದು ಕಸಕ್ಕೆ ಹೋದರೆ ಆ ನಷ್ಟ ಯಾರದು? ದಾನಿಯದೇ, ಶಿಬಿರ ನಡೆಸಿದವರದೇ, ರಕ್ತಕೇಂದ್ರದ್ದೇ, ಬೇಕೆಂದು ಕಾದಿರಿಸಿ ಕೊನೆಗೆ ಬೇಡವೆಂದ ಆಸ್ಪತ್ರೆಯದೇ? ರಕ್ತಕೇಂದ್ರಗಳ ಸಹಭಾಗಿತ್ವ, ಒಡಂಬಡಿಕೆ ಎಂದು ನಾವು ದೊಡ್ಡ ದೊಡ್ಡ ಹೆಸರು ಕೊಡುವುದೆಲ್ಲ ಈ ಒಂದು ಪ್ರಶ್ನೆಗೆ ಬೇರೆ ಬೇರೆ ಕಡೆ ಕೊಟ್ಟ ಉತ್ತರಗಳು ಎಂದೇ ನನ್ನ ಎಣಿಕೆ. ಉತ್ತರ ಸ್ಪಷ್ಟವಾಗಿರುವ ಕಡೆ ರಕ್ತ ಸಿಗುತ್ತದೆ. ಅಸ್ಪಷ್ಟವಾಗಿರುವ ಕಡೆ ಒಂದು ಫ್ರಿಜ್ಜಿನಲ್ಲಿ ಚೀಲ ಹಾಳಾಗುತ್ತಿರುವಾಗ ಮೂವತ್ತು ಕಿಲೋಮೀಟರ್ ಆಚೆ ಅದೇ ಗುಂಪಿನ ರಕ್ತಕ್ಕೆ ವಾಟ್ಸಾಪ್‌ನಲ್ಲಿ ಮೊರೆ ಇಡುತ್ತಿರುತ್ತಾರೆ.

ಮೊದಲು ತಾರೀಖಿನ ಲೆಕ್ಕ. ನೀವು ಕೊಟ್ಟ ರಕ್ತವನ್ನು ಈಗ ಬಹುತೇಕ ಕಡೆ ಹಾಗೇ ಇಡುವುದಿಲ್ಲ. ಕೆಂಪುಕಣ, ಪ್ಲೇಟ್‌ಲೆಟ್, ಪ್ಲಾಸ್ಮಾ ಎಂದು ಬೇರ್ಪಡಿಸುತ್ತೇವೆ. ಕೆಂಪುಕಣವನ್ನು 2ರಿಂದ 6 ಡಿಗ್ರಿಯಲ್ಲಿಟ್ಟರೆ ಚೀಲದೊಳಗಿನ ದ್ರಾವಣ ಯಾವುದು ಎಂಬುದರ ಮೇಲೆ 35 ಅಥವಾ 42 ದಿನ ಬಾಳುತ್ತದೆ. ಪ್ಲಾಸ್ಮಾವನ್ನು ಮೈನಸ್ 30 ಡಿಗ್ರಿಯಲ್ಲಿ ಗಟ್ಟಿ ಮಾಡಿಟ್ಟರೆ ಒಂದು ವರ್ಷ. ಪ್ಲೇಟ್‌ಲೆಟ್‌ನದು ಇದ್ಯಾವುದಕ್ಕೂ ಸೇರದ ಜಾಯಮಾನ. ಅದನ್ನು ಫ್ರಿಜ್ಜಿಗೂ ಹಾಕುವಂತಿಲ್ಲ, ಸುಮ್ಮನೆ ಬಿಡುವಂತೆಯೂ ಇಲ್ಲ. 20ರಿಂದ 24 ಡಿಗ್ರಿಯಲ್ಲಿ ಹಗಲೂ ರಾತ್ರಿ ಅಲುಗಾಡಿಸುತ್ತ ಇರಬೇಕು. ಅಷ್ಟು ಮಾಡಿದರೂ ಆಯುಷ್ಯ 5 ದಿನ. ಅದರಲ್ಲಿ ಪರೀಕ್ಷೆಗಳಿಗೇ ಒಂದು ದಿನ ಹೋಗುತ್ತದೆ: ಎಚ್‌ಐವಿ, ಹೆಪಟೈಟಿಸ್ ಬಿ, ಹೆಪಟೈಟಿಸ್ ಸಿ, ಸಿಫಿಲಿಸ್, ಮಲೇರಿಯಾ. ಫಲಿತಾಂಶ ಬರುವ ತನಕ ಚೀಲ ಕ್ವಾರಂಟೈನ್ ಕಪಾಟಿನಲ್ಲಿ.

ಹಾಲು ಒಕ್ಕೂಟದಲ್ಲಿ ಹಾಲು ಹೆಚ್ಚಾದ ದಿನ ಪುಡಿ ಮಾಡಿ ಇಟ್ಟುಕೊಳ್ಳುತ್ತಾರೆ. ನಮಗೆ ಆ ಸೌಲಭ್ಯ ಇಲ್ಲ. ಹೆಚ್ಚಾದ ದಿನದ್ದನ್ನು ಕಡಿಮೆಯಾದ ತಿಂಗಳಿಗೆ ಎತ್ತಿಡಲು ಬಾರದು.

ಈಗ ನಿಮ್ಮ ಶಿಬಿರಗಳ ಕಡೆ ಬರೋಣ. ಸ್ವಲ್ಪ ಬೇಸರವಾದರೂ ಆಗಲಿ, ಹೇಳಿಬಿಡುತ್ತೇನೆ. ನಮ್ಮ ಜಿಲ್ಲೆಗಳಲ್ಲಿ ಶಿಬಿರಗಳೆಲ್ಲ ಬಂದು ಬೀಳುವುದು ಆಗಸ್ಟ್ 15, ಅಕ್ಟೋಬರ್ 1 (ರಾಷ್ಟ್ರೀಯ ರಕ್ತದಾನ ದಿನ) ಮತ್ತು 2, ನವೆಂಬರ್ 1, ಆಮೇಲೆ ಜೂನ್ 14 (ವಿಶ್ವ ರಕ್ತದಾನಿಗಳ ದಿನ). ಇವುಗಳ ನಡುವೆ ನಟರ ಹುಟ್ಟುಹಬ್ಬ, ನಾಯಕರ ಹುಟ್ಟುಹಬ್ಬ. ಆಗಸ್ಟ್ 15ರಂದು ಒಬ್ಬ ಯುವಕ ರಕ್ತ ಕೊಟ್ಟ ಎನ್ನಿ. ಅದರ ಪ್ಲೇಟ್‌ಲೆಟ್ ಆಗಸ್ಟ್ 20ಕ್ಕೆ ಮುಗಿಯಿತು. ಕೆಂಪುಕಣ ಸೆಪ್ಟೆಂಬರ್ 19ಕ್ಕೆ, ಹೆಚ್ಚೆಂದರೆ 26ಕ್ಕೆ ಮುಗಿಯಿತು. ಗಂಡಸರು ಒಮ್ಮೆ ಕೊಟ್ಟರೆ ಮೂರು ತಿಂಗಳು, ಹೆಂಗಸರು ನಾಲ್ಕು ತಿಂಗಳು ಕಾಯಬೇಕು. ಹಾಗಾಗಿ ಅದೇ ಹುಡುಗ ಅಕ್ಟೋಬರ್ 2ಕ್ಕೂ ಬರಲಾರ, ನವೆಂಬರ್ 1ಕ್ಕೂ ಬರಲಾರ. ಮೂರು ಶಿಬಿರಗಳು ಒಂದೇ ದಾನಿಗಾಗಿ ಪೈಪೋಟಿ ನಡೆಸಿದ ಹಾಗಾಯಿತು. ಗೆದ್ದ ಶಿಬಿರದ ಫೋಟೊ ಪತ್ರಿಕೆಯಲ್ಲಿ ಬಂತು. ಏಪ್ರಿಲ್ ಮಧ್ಯದಿಂದ ಮೇ ಮುಗಿಯುವ ತನಕ ಪರೀಕ್ಷೆ, ರಜೆ, ಮದುವೆ, ಊರಿಗೆ ಹೋಗುವ ಗಡಿಬಿಡಿ. ಆಗ ನಾವು ನಿಮಗೆ ಫೋನ್ ಮಾಡಿದರೆ ‘ಕಾಲೇಜು ಶುರುವಾಗಲಿ ಸಾರ್’ ಎನ್ನುತ್ತೀರಿ. ಅಪಘಾತಗಳು ಕಾಲೇಜು ಶುರುವಾಗುವ ತನಕ ಕಾಯುವುದಿಲ್ಲ. ಹೆರಿಗೆಗಳಂತೂ ಮೊದಲೇ ಇಲ್ಲ.

ದಾಖಲೆ ಮುರಿಯುವ ಭಾರೀ ಶಿಬಿರಗಳ ಬಗ್ಗೆ ನನಗೆ ಗೌರವ ಕಡಿಮೆ. ಒಂದೇ ದಿನ ಸಾವಿರ ಯೂನಿಟ್ (ಒಂದು ಚೀಲವೇ ಒಂದು ಯೂನಿಟ್) ಬಂದರೆ ಬೇರ್ಪಡಿಸುವ ಯಂತ್ರ ಅಷ್ಟೇ ಇರುತ್ತದೆ, ತಂತ್ರಜ್ಞರು ಅಷ್ಟೇ ಇರುತ್ತಾರೆ. ಪ್ಲೇಟ್‌ಲೆಟ್ ತೆಗೆಯಬೇಕೆಂದರೆ ರಕ್ತ ತೆಗೆದ ಸುಮಾರು 6ರಿಂದ 8 ಗಂಟೆಯೊಳಗೆ ಚೀಲ ಆ ಯಂತ್ರವನ್ನು ಸೇರಬೇಕು. ಘಟ್ಟದ ಮೇಲಿನ ಊರಿನಲ್ಲಿ ಬೆಳಿಗ್ಗೆ ಹತ್ತಕ್ಕೆ ಉದ್ಘಾಟನೆ ಎಂದು ಬರೆದು, ಅತಿಥಿಗಳು ಹನ್ನೆರಡಕ್ಕೆ ಬಂದು, ಭಾಷಣ ಮುಗಿದು, ವ್ಯಾನು ರಾತ್ರಿ ಒಂಬತ್ತಕ್ಕೆ ನಗರ ತಲುಪಿದರೆ ಬೆಳಿಗ್ಗೆ ಮೊದಲು ಕೊಟ್ಟವರ ಪ್ಲೇಟ್‌ಲೆಟ್ ಕೈತಪ್ಪಿತೆಂದೇ ಲೆಕ್ಕ. ಅದೇ ಡೆಂಗಿ ಕಾಲವಾದರೆ ಕೇಳುವುದೇ ಬೇಡ.

ಇದಕ್ಕೊಂದು ಹಿನ್ನೆಲೆ ಇದೆ. ತೊಂಬತ್ತರ ದಶಕದ ತನಕ ನಮ್ಮ ದೇಶದಲ್ಲಿ ರಕ್ತ ಮಾರುವುದೇ ಕಸುಬಾದವರು ಇದ್ದರು. ಹೊಟ್ಟೆಪಾಡಿಗಾಗಿ ವಾರಕ್ಕೊಮ್ಮೆ ತೋಳು ಒಡ್ಡುತ್ತಿದ್ದವರು, ಮೈಯಲ್ಲಿ ರಕ್ತವೇ ಇಲ್ಲದವರು. ‘ಕಾಮನ್ ಕಾಸ್’ ಎಂಬ ಸಂಸ್ಥೆ ಸುಪ್ರೀಂ ಕೋರ್ಟಿಗೆ ಹೋಯಿತು. 1996ರ ಜನವರಿ 4ರ ತೀರ್ಪಿನಲ್ಲಿ ಕೋರ್ಟು ಎರಡು ವರ್ಷದೊಳಗೆ ಈ ಪದ್ಧತಿ ನಿಲ್ಲಬೇಕು, ರಾಷ್ಟ್ರ ಮಟ್ಟದಲ್ಲಿ ಮತ್ತು ರಾಜ್ಯಗಳಲ್ಲಿ ರಕ್ತ ಸಂಚಾಲನಾ ಪರಿಷತ್ತುಗಳು ಆಗಬೇಕು ಎಂದಿತು. 1998ರ ಜನವರಿ 1ರಿಂದ ಹಣಕ್ಕೆ ರಕ್ತ ಕೊಡುವುದು ನಿಷಿದ್ಧ. 2002ರಲ್ಲಿ ರಾಷ್ಟ್ರೀಯ ರಕ್ತ ನೀತಿ ಬಂತು.

ಮಾರುವವರು ಹೋದ ಜಾಗಕ್ಕೆ ಯಾರು ಬರಬೇಕಿತ್ತು? ನಿಮ್ಮಂಥ ಸಂಘಟಕರು. ಬಂದರು ಕೂಡ, ಆದರೆ ಎಲ್ಲ ಕಡೆ ಒಂದೇ ಸಮನಾಗಿ ಅಲ್ಲ. ಕಾನೂನಿನ ಒಂದು ಅಂಶ ಬಹಳ ಜನರಿಗೆ ಗೊತ್ತಿರುವುದಿಲ್ಲ. ಹೊರಗೆ ಶಿಬಿರ ನಡೆಸುವ ಹಕ್ಕು ಎಲ್ಲ ರಕ್ತಕೇಂದ್ರಗಳಿಗೂ ಇಲ್ಲ. ಸರ್ಕಾರಿ ಕೇಂದ್ರಗಳು, ರೆಡ್ ಕ್ರಾಸ್, ರಾಜ್ಯ ಪರಿಷತ್ತಿನ ಮಾನ್ಯತೆ ಪಡೆದ ಸೇವಾಸಂಸ್ಥೆ ಅಥವಾ ಧರ್ಮಾರ್ಥ ಸಂಸ್ಥೆಗಳ ಕೇಂದ್ರಗಳು ಇವಕ್ಕೆ ಮಾತ್ರ. ಖಾಸಗಿ ಆಸ್ಪತ್ರೆಯೊಂದರ ಒಳಗಿರುವ ರಕ್ತಕೇಂದ್ರ ನಿಮ್ಮ ಕಾಲೇಜಿಗೆ ಬಂದು ಮಂಚ ಹಾಕುವಂತಿಲ್ಲ. ಹಾಗಾದರೆ ಅವರಿಗೆ ರಕ್ತ ಎಲ್ಲಿಂದ? ತಮ್ಮ ಬಾಗಿಲಿಗೆ ಬರುವ ದಾನಿಗಳಿಂದ, ಇಲ್ಲವೇ ರೋಗಿಯ ಕಡೆಯವರಿಂದ. ‘ನಾಲ್ಕು ಜನ ಕರ್ಕೊಂಡು ಬನ್ನಿ’ ಎಂಬ ಮಾತಿನ ಮೂಲ ಇಲ್ಲಿದೆ. ಐಸಿಯು ಬಾಗಿಲಲ್ಲಿ ನಿಂತಿರುವ ಮಗ ಅಪ್ಪನ ಸ್ಥಿತಿ ವಿಚಾರಿಸುವುದು ಬಿಟ್ಟು ಗೆಳೆಯರ ಬ್ಲಡ್ ಗ್ರೂಪ್ ವಿಚಾರಿಸುತ್ತಿರುತ್ತಾನೆ. ಅವಸರಕ್ಕೆ ಬಂದ ನೆಂಟ ತನಗೆ ಕಾಮಾಲೆ ಆಗಿದ್ದನ್ನು, ಹಿಂದಿನ ವಾರ ಜ್ವರ ಬಂದಿದ್ದನ್ನು ಹೇಳದೆ ಬಿಡಬಹುದು. ಬೀದಿಯಲ್ಲಿ ದುಡ್ಡು ಕೊಟ್ಟು ಯಾರನ್ನೋ ‘ನಮ್ಮ ತಮ್ಮ’ ಎಂದು ಕರೆತರುವ ಆಸೆಯೂ ಹುಟ್ಟಬಹುದು. ತನ್ನ ಪಾಡಿಗೆ ತಾನು ಬಂದು ಕೊಟ್ಟುಹೋಗುವ ದಾನಿಯ ರಕ್ತ ಹೆಚ್ಚು ಸುರಕ್ಷಿತ ಎನ್ನುವುದು ಇದೇ ಕಾರಣಕ್ಕೆ.

ಆದ್ದರಿಂದ ಶಿಬಿರ ನಡೆಸಬಲ್ಲ ಸಮುದಾಯ ಕೇಂದ್ರ ಮತ್ತು ನಡೆಸಲಾಗದ ಆಸ್ಪತ್ರೆ, ಇವೆರಡರ ನಡುವೆ ಒಂದು ಸೇತುವೆ ಬೇಕೇ ಬೇಕು. ಬೆಂಗಳೂರಿನಲ್ಲಿ ರೆಡ್ ಕ್ರಾಸ್, ರಾಷ್ಟ್ರೋತ್ಥಾನ, ಲಯನ್ಸ್, ಬೆಂಗಳೂರು ಮೆಡಿಕಲ್ ಸರ್ವೀಸಸ್ ಟ್ರಸ್ಟ್ ನಡೆಸುವ ರೋಟರಿ–ಟಿಟಿಕೆ, ಮೈಸೂರಿನಲ್ಲಿ ಜೀವಧಾರ ಹೀಗೆ ಆಸ್ಪತ್ರೆಯ ಹೊರಗೆ ನಿಂತು ಹಲವು ಆಸ್ಪತ್ರೆಗಳಿಗೆ ರಕ್ತ ಒದಗಿಸುವ ಕೇಂದ್ರಗಳ ಸಾಲೇ ಇದೆ.

ಸೇತುವೆಯ ಒಳ್ಳೆಯ ಮಾದರಿ ನಮ್ಮ ಕಾನೂನಿನಲ್ಲೇ ಇದೆ. 2001ರಲ್ಲಿ ಔಷಧ ನಿಯಮಗಳಿಗೆ ತಂದ ಒಂದು ತಿದ್ದುಪಡಿ ತಾಲ್ಲೂಕು ಮಟ್ಟದ ಹೆರಿಗೆ ಮತ್ತು ಶಸ್ತ್ರಚಿಕಿತ್ಸೆಯ ಆಸ್ಪತ್ರೆಗಳಲ್ಲಿ ರಕ್ತ ಸಂಗ್ರಹಣಾ ಘಟಕಗಳಿಗೆ ದಾರಿ ಮಾಡಿತು. ವರ್ಷಕ್ಕೆ 2,000 ಯೂನಿಟ್‌ಗಿಂತ ಹೆಚ್ಚು ಬಳಸದ ಆಸ್ಪತ್ರೆಗೆ ಪೂರ್ಣ ಪ್ರಮಾಣದ ಲೈಸೆನ್ಸ್ ಬೇಕಿಲ್ಲ. ಅಲ್ಲಿ ರಕ್ತ ತೆಗೆಯುವುದಿಲ್ಲ, ಸೋಂಕಿನ ಪರೀಕ್ಷೆ ನಡೆಸುವುದಿಲ್ಲ. ಪರೀಕ್ಷೆ ಮುಗಿದ ರಕ್ತವನ್ನು ಒಂದು ಲೈಸೆನ್ಸ್ ಇರುವ ಕೇಂದ್ರದಿಂದ ತಂದು, ರೆಫ್ರಿಜರೇಟರಿನಲ್ಲಿಟ್ಟು, ಬೇಕಾದಾಗ ಹೊಂದಾಣಿಕೆ ನೋಡಿ ಕೊಡುವುದಷ್ಟೇ ಕೆಲಸ. ರಕ್ತ ಕೊಡುವ ಆ ಕೇಂದ್ರವನ್ನು ನಮ್ಮಲ್ಲಿ ಮದರ್ ಬ್ಲಡ್ ಸೆಂಟರ್ ಎನ್ನುತ್ತೇವೆ.

ಶುರುವಿನಲ್ಲಿ ಏನೇನು ಇಡಬೇಕು ಎಂಬುದಕ್ಕೂ ಮಾರ್ಗಸೂಚಿ ಇದೆ: ಎ, ಬಿ, ಒ ಪಾಸಿಟಿವ್ ತಲಾ 5, ಎಬಿ ಪಾಸಿಟಿವ್ 2, ಎ, ಬಿ, ಒ ನೆಗೆಟಿವ್ ತಲಾ 1. ಒಟ್ಟು 20 ಚೀಲ. ಆಮೇಲೆ ಅಲ್ಲಿನ ಅಗತ್ಯ ನೋಡಿಕೊಂಡು ಬದಲಾಯಿಸಬಹುದು. ಇದಕ್ಕಿಂತ ನನಗೆ ಹಿಡಿಸಿದ್ದು ಮುಂದಿನ ಸಾಲು. ಬಳಕೆಯಾಗದ ಚೀಲಗಳನ್ನು ಅವಧಿ ಮುಗಿಯುವುದಕ್ಕೆ ಕನಿಷ್ಠ 10 ದಿನ ಮೊದಲು ತಾಯಿ ಕೇಂದ್ರಕ್ಕೆ ಮರಳಿಸಿ ಹೊಸದನ್ನು ತರಬೇಕು ಎನ್ನುತ್ತದೆ ಅದು.

ಈ ಸಾಲನ್ನು ಬರೆದವರಿಗೆ ನೆಲದ ಅನುಭವ ಇದ್ದಿರಲೇಬೇಕು. ತಾಲ್ಲೂಕು ಆಸ್ಪತ್ರೆಯಲ್ಲಿ ಹೆರಿಗೆಯ ನಂತರದ ರಕ್ತಸ್ರಾವ ಇವತ್ತೇ ಬರುತ್ತದೆ ಎಂದು ಯಾರೂ ಹೇಳಲಾರರು. ಒಂದು ತಿಂಗಳು ಒಂದೂ ಕೇಸ್ ಬಾರದಿರಬಹುದು, ಒಂದೇ ರಾತ್ರಿ ಎರಡು ಬರಬಹುದು. ಆ ರಾತ್ರಿಗಾಗಿ ಚೀಲ ಅಲ್ಲಿ ಇರಬೇಕು. ಆದರೆ ಅಲ್ಲೇ ಇದ್ದರೆ ಹಾಳಾಗುತ್ತದೆ. ಹತ್ತು ದಿನ ಆಯುಷ್ಯ ಉಳಿದಿರುವಾಗ ಅದು ದೊಡ್ಡ ಊರಿಗೆ ಹಿಂತಿರುಗಿದರೆ ದಿನಕ್ಕೆ ಹತ್ತಾರು ಯೂನಿಟ್ ಬಳಸುವ ಆಸ್ಪತ್ರೆಯಲ್ಲಿ ಎರಡೇ ದಿನದಲ್ಲಿ ಕೆಲಸಕ್ಕೆ ಬರುತ್ತದೆ. ಕಾಯುವ ಕೆಲಸ ಸಣ್ಣ ಆಸ್ಪತ್ರೆಯದು, ಹಾಳಾಗದಂತೆ ನೋಡಿಕೊಳ್ಳುವ ಹೊಣೆ ದೊಡ್ಡ ಕೇಂದ್ರದ್ದು. ಕಾಗದದ ಮೇಲೆ ಎಷ್ಟು ಚೆಂದ ನೋಡಿ. ನಡೆಯುವ ಕಡೆ ಚೆಂದವಾಗೇ ನಡೆಯುತ್ತದೆ. ನಡೆಯದ ಕಡೆ ಕಾರಣ ಕೇಳಿದರೆ ಉತ್ತರ ಎಲ್ಲೆಡೆ ಒಂದೇ: ಗಾಡಿ ಇಲ್ಲ, ಡ್ರೈವರ್ ಇಲ್ಲ, ಕೋಲ್ಡ್ ಬಾಕ್ಸ್ ಹೊತ್ತು ಬಸ್ಸಿನಲ್ಲಿ ಹೋಗಲು ಲ್ಯಾಬ್ ಟೆಕ್ನಿಷಿಯನ್‌ಗೆ ಪುರುಸೊತ್ತಿಲ್ಲ. ರಕ್ತ ತುಂಬಿದ ಫ್ರಿಜ್ಜುಗಳಿಗೆ ದಾನಿಗಳು ಸಿಗುತ್ತಾರೆ, ರಕ್ತ ಸಾಗಿಸುವ ಡೀಸೆಲ್‌ಗೆ ದಾನಿಗಳು ಸಿಗುವುದಿಲ್ಲ. ಇಲ್ಲಿ ಕೂತಿರುವ ಕ್ಲಬ್‌ಗಳಿಗೆ ಇದೊಂದು ಮಾತು ಕಿವಿಯಲ್ಲಿರಲಿ: ಮುಂದಿನ ಸಲ ನಮಗೆ ಇನ್ನೊಂದು ಡೋನರ್ ಕೌಚ್ ಕೊಡಿಸುವ ಮೊದಲು ವಾರಕ್ಕೆ ಒಂದು ದಿನ ನಿಮ್ಮ ತಾಲ್ಲೂಕು ಆಸ್ಪತ್ರೆಗೂ ಜಿಲ್ಲಾ ಕೇಂದ್ರಕ್ಕೂ ನಡುವೆ ಓಡಾಡುವ ಒಂದು ಗಾಡಿಯ ಖರ್ಚು ಎಷ್ಟು ಎಂದು ವಿಚಾರಿಸಿ.

ಇನ್ನು ದೊಡ್ಡ ಆಸ್ಪತ್ರೆಗಳ ಜೊತೆಗಿನ ವ್ಯವಹಾರ. ಇಲ್ಲಿನ ಕೊರತೆ ಬೇರೆ ಬಗೆಯದು, ಕಣ್ಣಿಗೆ ಕಾಣದ್ದು. ಒಬ್ಬ ಸರ್ಜನ್ ನಾಳೆ ಆಪರೇಷನ್ ಎಂದು ನಾಲ್ಕು ಯೂನಿಟ್ ಕೇಳುತ್ತಾರೆ. ನಾವು ನಾಲ್ಕಕ್ಕೂ ಕ್ರಾಸ್‌ಮ್ಯಾಚ್ ಮಾಡಿ, ಅಂದರೆ ರೋಗಿಯ ರಕ್ತಕ್ಕೆ ಹೊಂದುತ್ತದೆಯೇ ಎಂದು ನೋಡಿ, ಆ ರೋಗಿಯ ಹೆಸರಿಗೆ ಎತ್ತಿಡುತ್ತೇವೆ. ಆಪರೇಷನ್‌ನಲ್ಲಿ ಬಳಸಿದ್ದು ಒಂದು, ಕೆಲವು ಸಲ ಅದೂ ಇಲ್ಲ. ಉಳಿದ ಮೂರು ಚೀಲಗಳು ಎರಡು ಮೂರು ದಿನ ಯಾರಿಗೂ ಸಿಗದೆ ಕೂತು ವಾಪಸ್ ಬರುತ್ತವೆ. ಆ ಹೊತ್ತಿಗೆ ಅವುಗಳ ಆಯುಷ್ಯದಿಂದ ಮೂರು ದಿನ ಹೋಗಿದೆ. ಅಷ್ಟರಲ್ಲಿ ಬೇರೊಬ್ಬ ರೋಗಿಗೆ ‘ಸ್ಟಾಕ್ ಇಲ್ಲ’ ಎಂದಿದ್ದೇವೆ. ಕ್ರಾಸ್‌ಮ್ಯಾಚ್ ಆದ ಯೂನಿಟ್‌ಗಳನ್ನು ನಿಜವಾಗಿ ಏರಿಸಿದ ಯೂನಿಟ್‌ಗಳಿಂದ ಭಾಗಿಸಿದರೆ ಬರುವ ಅನುಪಾತ 2ಕ್ಕಿಂತ ಹೆಚ್ಚಿರಬಾರದು ಎಂಬುದು ನಮ್ಮ ವೃತ್ತಿಯಲ್ಲಿ ಒಪ್ಪಿತವಾದ ಅಳತೆ. ಯಾವ ಶಸ್ತ್ರಚಿಕಿತ್ಸೆಗೆ ಸಾಮಾನ್ಯವಾಗಿ ಎಷ್ಟು ಬೇಕಾಗುತ್ತದೆ ಎಂಬ ಪಟ್ಟಿಯೊಂದನ್ನು ಆಸ್ಪತ್ರೆಯ ಸರ್ಜನ್‌ಗಳು, ಅರಿವಳಿಕೆ ತಜ್ಞರು, ರಕ್ತಕೇಂದ್ರದ ವೈದ್ಯರು ಒಟ್ಟಿಗೆ ಕೂತು ಮಾಡಿಕೊಂಡರೆ ಸಾಕು. ಅಗತ್ಯ ಬೀಳುವ ಸಂಭವ ಕಡಿಮೆ ಇರುವ ಕೇಸಿಗೆ ರೋಗಿಯ ಗುಂಪು ನೋಡಿ, ಪ್ರತಿಕಾಯಗಳ ತಪಾಸಣೆ ಮಾಡಿಟ್ಟು, ಬೇಕೆಂದಾಗ ಬೇಗ ಕೊಡುತ್ತೇವೆ ಎಂಬ ಭರವಸೆ ಕೊಡಬಹುದು. ಒಬ್ಬ ಹೊಸ ದಾನಿಯನ್ನೂ ಹುಡುಕದೆ ಸ್ಟಾಕ್ ಹೆಚ್ಚಿಸುವ ದಾರಿ ಇದು. ಇದಕ್ಕೆ ರಿಬ್ಬನ್ ಕತ್ತರಿಸುವ ಕಾರ್ಯಕ್ರಮ ಇಲ್ಲದಿರುವುದರಿಂದಲೋ ಏನೋ, ನಿಧಾನ.

ಆ ಸರ್ಜನ್‌ರನ್ನು ನಾನು ದೂರುವುದಿಲ್ಲ. ಕೇಳಿದಾಗ ಸಿಕ್ಕೀತೆಂಬ ನಂಬಿಕೆ ಇಲ್ಲದವರು ಎರಡರ ಬದಲು ನಾಲ್ಕು ಕೇಳುತ್ತಾರೆ. ಕೇಂದ್ರದ ಮೇಲೆ ನಂಬಿಕೆ ಬಂದಂತೆ ಆ ಸಂಖ್ಯೆ ತಾನಾಗಿ ಇಳಿಯುವುದನ್ನು ಈ ಕ್ಷೇತ್ರದಲ್ಲಿ ಇರುವವರೆಲ್ಲ ಕಂಡಿದ್ದೇವೆ.

ಒಂದು ರಕ್ತಕೇಂದ್ರದಿಂದ ಇನ್ನೊಂದಕ್ಕೆ ಚೀಲಗಳನ್ನು ವರ್ಗಾಯಿಸಲು 2015ರಲ್ಲಿ ಕೇಂದ್ರ ಸರ್ಕಾರ ಅನುಮತಿ ಕೊಟ್ಟಿತು. ಆಗಲೇ ಹೆಚ್ಚುವರಿ ಪ್ಲಾಸ್ಮಾಕ್ಕೆ ಲೀಟರಿಗೆ 1,600 ರೂಪಾಯಿ ವಿನಿಮಯ ಮೌಲ್ಯ ನಿಗದಿಯಾಯಿತು. ಅದರಿಂದ ಆಲ್ಬುಮಿನ್, ಇಮ್ಯುನೊಗ್ಲಾಬ್ಯುಲಿನ್, ಎಂಬ ಔಷಧಗಳನ್ನು, ರಕ್ತ ಸರಿಯಾಗಿ ಹೆಪ್ಪುಗಟ್ಟದ ಹಿಮೊಫಿಲಿಯಾ ಕಾಯಿಲೆ ಇರುವವರಿಗೆ ಬೇಕಾದ ಅಂಶಗಳನ್ನು ತಯಾರಿಸುತ್ತಾರೆ. ಮುಂದಿನ ವರ್ಷ ಇ–ರಕ್ತಕೋಶ ಬಂತು: ಯಾವ ಕೇಂದ್ರದಲ್ಲಿ ಯಾವ ಗುಂಪು ಎಷ್ಟಿದೆ ಎಂದು ಫೋನಿನಲ್ಲೇ ನೋಡಬಹುದು. ಕೇಂದ್ರದವರು ಆವತ್ತಿನ ಲೆಕ್ಕ ಆವತ್ತೇ ತುಂಬಿದ್ದರೆ ಅದು ಬಹಳ ಉಪಯೋಗಿ.

ಅಮೆರಿಕದ ವಿಷಯ ಸ್ವಲ್ಪ ಹೇಳುತ್ತೇನೆ, ಏಕೆಂದರೆ ನಷ್ಟ ಯಾರದು ಎಂಬ ಪ್ರಶ್ನೆಯನ್ನು ಅವರು ಪೆಟ್ಟು ತಿಂದು ಕಲಿತರು. ಅಲ್ಲಿನ ರಕ್ತದಲ್ಲಿ ಸುಮಾರು ಶೇ. 60ರಷ್ಟನ್ನು ಒದಗಿಸುವುದು ಆಯಾ ಪ್ರದೇಶದ ಸ್ವತಂತ್ರ, ಲಾಭರಹಿತ ಸಮುದಾಯ ರಕ್ತಕೇಂದ್ರಗಳು. ಹೆಚ್ಚುಕಡಿಮೆ ಉಳಿದಿದ್ದೆಲ್ಲ ರೆಡ್ ಕ್ರಾಸ್‌ನದು. ಈ ಸಮುದಾಯ ಕೇಂದ್ರಗಳು 1962ರಲ್ಲೇ ಒಂದು ಒಕ್ಕೂಟ ಕಟ್ಟಿಕೊಂಡವು. ಆದರೂ 2001ರ ಸೆಪ್ಟೆಂಬರ್ 11ರಂದು ನ್ಯೂಯಾರ್ಕಿನ ಅವಳಿ ಗೋಪುರಗಳು ಉರುಳಿದಾಗ ದೇಶದ ಉದ್ದಗಲಕ್ಕೂ ಜನ ರಕ್ತ ಕೊಡಲು ಸಾಲು ನಿಂತರು, ಕೇಂದ್ರಗಳು ಬೇಡವೆನ್ನಲಾರದೆ ತೆಗೆದವು. ಆ ವಾರಗಳಲ್ಲಿ ಹೆಚ್ಚುವರಿಯಾಗಿ ಬಂದದ್ದು 5 ಲಕ್ಷಕ್ಕೂ ಹೆಚ್ಚು ಯೂನಿಟ್. ಗಾಯಾಳುಗಳಿಗೆ ಬೇಕಾಗಿದ್ದು 260ಕ್ಕಿಂತ ಕಡಿಮೆ. ಅವಧಿ ಮುಗಿದು ಎಸೆಯಬೇಕಾಗಿ ಬಂದ ಚೀಲಗಳ ರಾಶಿ ದೊಡ್ಡ ಸುದ್ದಿಯಾಯಿತು.

ಮರುವರ್ಷ ಎಲ್ಲ ಸಂಸ್ಥೆಗಳೂ ಸೇರಿ ವಿಪತ್ತಿನ ಕಾರ್ಯಪಡೆಯೊಂದನ್ನು ಮಾಡಿದವು. ಎಲ್ಲಿ ಎಷ್ಟು ಬೇಕು ಎಂದು ಒಂದೇ ಕಡೆ ಲೆಕ್ಕ ಹಾಕಿ, ಇನ್ನು ದಾನಿಗಳನ್ನು ಕರೆಯಬೇಕೋ ಬೇಡವೋ ಎಂದು ಒಂದೇ ದನಿಯಲ್ಲಿ ಹೇಳುವುದು ಅದರ ಕೆಲಸ. 2021ರಲ್ಲಿ ಕೆಲವು ಸಮುದಾಯ ಕೇಂದ್ರಗಳು ಇನ್ನೂ ಒಂದು ಹೆಜ್ಜೆ ಮುಂದೆ ಹೋದವು. ಸರದಿಯ ಪ್ರಕಾರ ಪ್ರತಿ ಕೇಂದ್ರವೂ ತನ್ನ ಪಾಳಿಯಲ್ಲಿ ಒಂದಿಷ್ಟು ಚೀಲಗಳನ್ನು ಬೇರೆಯಾಗಿ ಎತ್ತಿಡುತ್ತದೆ. ಎಲ್ಲಾದರೂ ಗುಂಡಿನ ದಾಳಿಯೋ ಸುಂಟರಗಾಳಿಯೋ ಆದರೆ ಪಾಳಿಯಲ್ಲಿರುವ ಕೇಂದ್ರಗಳಿಂದ ಚೀಲಗಳು ತಕ್ಷಣ ಹೊರಡುತ್ತವೆ. ಏನೂ ಆಗದಿದ್ದರೆ ಪಾಳಿ ಮುಗಿದ ದಿನ ಅದೇ ಚೀಲಗಳು ಆ ಊರಿನ ಆಸ್ಪತ್ರೆಗಳಿಗೆ ಹೋಗುತ್ತವೆ, ಮುಂದಿನ ಕೇಂದ್ರ ಹೊಸ ಚೀಲ ಎತ್ತಿಡುತ್ತದೆ. ನಮ್ಮ ಸಂಗ್ರಹಣಾ ಘಟಕದ ಹತ್ತು ದಿನದ ನಿಯಮವೂ ಇದೇ ಬುದ್ಧಿಯದು, ಗಾತ್ರ ಮಾತ್ರ ಬೇರೆ.

ಅಪಾಯ ಬರೀ ಗಾಳಿ ಮಳೆಯದಲ್ಲ. 2024ರ ಜುಲೈ ಕೊನೆಯಲ್ಲಿ ಫ್ಲಾರಿಡಾದ ಒನ್‌ಬ್ಲಡ್ ಎಂಬ ಕೇಂದ್ರದ ಕಂಪ್ಯೂಟರುಗಳನ್ನು ಸೈಬರ್ ಕಳ್ಳರು ಸ್ಥಗಿತಗೊಳಿಸಿದರು. ದಾನಿಗಳೂ ಇದ್ದರು, ರಕ್ತವೂ ಇತ್ತು. ಚೀಲಕ್ಕೆ ಲೇಬಲ್ ಅಂಟಿಸುವುದೇ ಕಷ್ಟವಾಯಿತು. ಕೈಯಲ್ಲಿ ಬರೆದು ಅಂಟಿಸುತ್ತ ಕೂತರು. 250ಕ್ಕೂ ಹೆಚ್ಚು ಆಸ್ಪತ್ರೆಗಳಿಗೆ ಕೊರತೆಯ ಕಾಲದ ನಿಯಮ ಪಾಲಿಸುವಂತೆ ಹೇಳಬೇಕಾಯಿತು, ಬೇರೆ ಕೇಂದ್ರಗಳಿಂದ ಪ್ಲೇಟ್‌ಲೆಟ್‌ಗಳು ಬಂದವು. ನಮ್ಮ ಕೇಂದ್ರಗಳಲ್ಲಿ ಕಂಪ್ಯೂಟರ್ ಕೈಕೊಟ್ಟರೆ ಕೈಬರಹದ ರಿಜಿಸ್ಟರ್ ಇದೆ ಎಂದು ಕೆಲವರು ಹೆಮ್ಮೆಯಿಂದ ಹೇಳುತ್ತಾರೆ. ನಾನೂ ಅದನ್ನು ಪೂರ್ತಿ ತಮಾಷೆಯಾಗಿ ತೆಗೆದುಕೊಳ್ಳುವುದಿಲ್ಲ.

ಇಷ್ಟು ಹೊತ್ತು ಫ್ರಿಜ್ಜಿನಲ್ಲಿ ಇಡುವ ರಕ್ತದ ಮಾತಾಯಿತು. ಫ್ರಿಜ್ಜಿನಲ್ಲಿ ಇಡದೆ ದಾನಿಯ ಮೈಯಲ್ಲೇ ಇಟ್ಟುಕೊಳ್ಳಬೇಕಾದ ರಕ್ತವೂ ಇದೆ. 1952ರಲ್ಲಿ ಡಾ. ವೈ. ಎಂ. ಭೇಂಡೆ ಮತ್ತು ಸಂಗಡಿಗರು ಮುಂಬೈಯಲ್ಲಿ ಗುರುತಿಸಿದ ‘ಬಾಂಬೆ’ ಗುಂಪು ನಮ್ಮ ದೇಶದಲ್ಲಿ ಅಂದಾಜು 10 ಸಾವಿರಕ್ಕೆ ಒಬ್ಬರಲ್ಲಿ ಇರುತ್ತದೆ. ಸಾಮಾನ್ಯ ಪರೀಕ್ಷೆಯಲ್ಲಿ ಇವರು ಒ ಗುಂಪಿನವರಂತೆ ಕಾಣುತ್ತಾರೆ, ಆದರೆ ಇವರಿಗೆ ಒ ರಕ್ತವೂ ಆಗದು. ಇಂಥ ಚೀಲ ತೆಗೆದು ಕಪಾಟಿನಲ್ಲಿಟ್ಟರೆ 35 ದಿನದಲ್ಲಿ ರೋಗಿ ಬರುವ ಸಂಭವ ತೀರಾ ಕಡಿಮೆ. ಆದ್ದರಿಂದ ಇಲ್ಲಿ ಪಾಲುದಾರಿಕೆ ಎಂದರೆ ಹೆಸರುಗಳ ಪಟ್ಟಿ. ಬೆಂಗಳೂರಿನಲ್ಲಿ ಇಂಜಿನಿಯರಿಂಗ್ ವಿದ್ಯಾರ್ಥಿಗಳು ಆರಂಭಿಸಿದ ಸಂಕಲ್ಪ ಇಂಡಿಯಾ ಫೌಂಡೇಷನ್ ಇಂಥ ದಾನಿಗಳ ಜಾಲವೊಂದನ್ನು ನೋಡಿಕೊಳ್ಳುತ್ತದೆ. ಹಿಂದೊಮ್ಮೆ ಮ್ಯಾನ್ಮಾರ್‌ನ ಯಾಂಗೂನ್‌ನಲ್ಲಿ ಹೃದಯದ ಶಸ್ತ್ರಚಿಕಿತ್ಸೆಗೆ ಕಾದಿದ್ದ ಹೆಣ್ಣುಮಗಳೊಬ್ಬರಿಗೆ ಈ ಗುಂಪಿನ ಎರಡು ಯೂನಿಟ್ ಹೋದದ್ದು ನಮ್ಮ ದಾವಣಗೆರೆಯಿಂದ. ದಾವಣಗೆರೆಯವರು ಬೆಣ್ಣೆದೋಸೆಗೆ ಬೀಗುವಷ್ಟೇ ಇದಕ್ಕೂ ಬೀಗಬಹುದು.

ಇದರ ನೇರ ವಿರುದ್ಧ ತುದಿಯಲ್ಲಿ ಥಲಸ್ಸೀಮಿಯಾ ಎಂಬ ಹುಟ್ಟಿನಿಂದಲೇ ಬರುವ ರಕ್ತದ ಕಾಯಿಲೆಯ ಮಕ್ಕಳಿದ್ದಾರೆ. ಅವರಿಗೆ ಎರಡರಿಂದ ನಾಲ್ಕು ವಾರಕ್ಕೊಮ್ಮೆ ರಕ್ತ ಬೇಕು, ವರ್ಷವಿಡೀ ಬೇಕು. ತುರ್ತು ಎಂಬುದು ಇಲ್ಲಿ ಇರಲೇಬಾರದು. ಯಾವ ಮಗು, ಯಾವ ಗುಂಪು, ಯಾವ ವಾರ ಎಂದು ಆರು ತಿಂಗಳ ಮುಂಚೆಯೇ ಬರೆದಿಡಬಹುದು. ಈ ಮಕ್ಕಳ ತಂದೆತಾಯಿಗೆ ಸರ್ಕಾರಿ ಆದೇಶದಂತೆ ರಕ್ತ ಉಚಿತ. ಆದರೂ ಅವರು ಏಪ್ರಿಲ್‌ನಲ್ಲಿ ದಾನಿಗಳಿಗಾಗಿ ಅಲೆಯುವಂತಾದರೆ ಅದಕ್ಕೆ ಜವಾಬ್ದಾರಿ ನಮ್ಮ ಕ್ಯಾಲೆಂಡರಿನದು. ಒಂದು ಕಾಲೇಜು ಈ ಮಕ್ಕಳಿಗೆ ರಕ್ತ ಏರಿಸುವ ಒಂದು ಡೇ ಕೇರ್ ಕೇಂದ್ರದ ಜೊತೆ ವರ್ಷದ ಒಪ್ಪಂದ ಮಾಡಿಕೊಂಡು, ತನ್ನ ದಾನಿಗಳನ್ನು ಹನ್ನೆರಡು ತಂಡ ಮಾಡಿ, ತಿಂಗಳಿಗೆ ಒಂದು ತಂಡ ಕಳುಹಿಸಿದರೆ ಶಿಬಿರವೇ ಬೇಡ. ಫೋಟೊ ಚಿಕ್ಕದಾಗುತ್ತದೆ, ಅಷ್ಟೆ.

ನನ್ನ ಮಾತು ಇಷ್ಟು. ಪ್ರಶ್ನೆಗಳಿದ್ದರೆ ಕೇಳಿ.

ಪ್ರಶ್ನೆ: ನಾವು ಪುಕ್ಕಟೆ ಕೊಟ್ಟ ರಕ್ತಕ್ಕೆ ನಮ್ಮದೇ ಊರಿನ ರೋಗಿಯ ಹತ್ತಿರ ಸಾವಿರದೈನೂರು ರೂಪಾಯಿ ತೆಗೆದುಕೊಂಡರು. ಇದು ವ್ಯಾಪಾರ ಅಲ್ಲವೇ?

ಈ ಪ್ರಶ್ನೆ ಬರುತ್ತದೆಂದು ಗೊತ್ತಿತ್ತು. ರಕ್ತಕ್ಕೆ ಬೆಲೆ ಕಟ್ಟುವಂತಿಲ್ಲ. 2024ರ ಜನವರಿಯಲ್ಲಿ ಔಷಧ ನಿಯಂತ್ರಣ ಇಲಾಖೆ ಇದನ್ನು ಮತ್ತೆ ಖಡಾಖಂಡಿತವಾಗಿ ಹೇಳಿತು. ತೆಗೆದುಕೊಳ್ಳಬಹುದಾದ್ದು ಸಂಸ್ಕರಣಾ ವೆಚ್ಚ ಮಾತ್ರ. ಒಂದು ಯೂನಿಟ್ ಕೆಂಪುಕಣಕ್ಕೆ ಸರ್ಕಾರೇತರ ಕೇಂದ್ರಗಳಿಗೆ 1,550, ಸರ್ಕಾರಿ ಕೇಂದ್ರಗಳಿಗೆ 1,100 ರೂಪಾಯಿ ರಾಷ್ಟ್ರೀಯ ರಕ್ತ ಸಂಚಾಲನಾ ಪರಿಷತ್ತಿನ ಮಿತಿ. ಚೀಲ, ಐದು ಪರೀಕ್ಷೆ, ವಿದ್ಯುತ್ತು, ಸಂಬಳ, ನಿಮ್ಮ ಶಿಬಿರಕ್ಕೆ ಬಂದ ವ್ಯಾನಿನ ಡೀಸೆಲ್ ಎಲ್ಲ ಅದರಲ್ಲೇ ಬರಬೇಕು. ಅವಧಿ ಮುಗಿದ ಚೀಲಗಳ ಖರ್ಚೂ ಅದರಲ್ಲೇ ಸೇರುತ್ತದೆ. ವಿಶೇಷ ಪರೀಕ್ಷೆಗಳಿಗೆ ಬೇರೆ ದರ ಸೇರಬಹುದು, ರಸೀದಿಯಲ್ಲಿ ಬಿಡಿಸಿ ತೋರಿಸಬೇಕು. ಮಿತಿಗಿಂತ ಹೆಚ್ಚು ಕೇಳಿದರೆ ರಸೀದಿ ಇಟ್ಟುಕೊಂಡು ಔಷಧ ನಿಯಂತ್ರಕರಿಗೆ ದೂರು ಕೊಡಿ. ಶಿಬಿರ ಮಾಡುವ ಮೊದಲೇ ಕೇಂದ್ರದವರ ಹತ್ತಿರ ದರಪಟ್ಟಿ ಕೇಳುವ ಹಕ್ಕು ನಿಮಗಿದೆ. ಹಿಂದಿನ ವರ್ಷ ಎಷ್ಟು ಚೀಲ ಹಾಳಾದವು, ಏಕೆ ಹಾಳಾದವು ಎಂಬುದನ್ನೂ ಕೇಳಿ. ಹೇಳಲು ತಡವರಿಸುವ ಕೇಂದ್ರಕ್ಕೆ ನಿಮ್ಮ ಹುಡುಗರನ್ನು ಕಳುಹಿಸಬೇಕೇ ಎಂದು ಯೋಚಿಸಿ.

ಪ್ರಶ್ನೆ: ನಮ್ಮ ತಾಲ್ಲೂಕಿಗೆ ಒಂದು ಸ್ವಂತ ರಕ್ತಕೇಂದ್ರ ಆಗಬೇಕು ಎಂದು ದೇಣಿಗೆ ಸಂಗ್ರಹ ಶುರು ಮಾಡಿದ್ದೇವೆ. ಎಷ್ಟು ಖರ್ಚಾದೀತು?

ಕಟ್ಟಡ, ಯಂತ್ರದ ಲೆಕ್ಕ ಹೇಳಿ ನಿಮ್ಮ ಉತ್ಸಾಹ ತಗ್ಗಿಸುವುದಿಲ್ಲ. ನಿಯಮದ ಪ್ರಕಾರ 100 ಚದರ ಮೀಟರ್ ಜಾಗ, ಬೇರ್ಪಡಿಸುವ ವ್ಯವಸ್ಥೆ ಬೇಕೆಂದರೆ ಇನ್ನೂ 50. ಜೊತೆಗೆ ವೈದ್ಯರು, ತಂತ್ರಜ್ಞರು, ನರ್ಸ್, ದಿನದ 24 ಗಂಟೆ ವಿದ್ಯುತ್ತು. ಅವೆಲ್ಲ ಒದಗಬಹುದು. ತೊಂದರೆ ಇರುವುದು ಬಳಕೆಯಲ್ಲಿ. ನಿಮ್ಮ ತಾಲ್ಲೂಕು ಆಸ್ಪತ್ರೆಯಲ್ಲಿ ತಿಂಗಳಿಗೆ ಎಷ್ಟು ಯೂನಿಟ್ ಬೇಕಾಗುತ್ತದೆ?

(ಸಭಿಕರ ಉತ್ತರ: ಮೂವತ್ತು, ನಲವತ್ತು.)

ಹಾಗಿದ್ದರೆ ಸಂಗ್ರಹಣಾ ಘಟಕವೇ ಸಾಕು. ದಿನಕ್ಕೆ ಒಂದು ಯೂನಿಟ್ ಹೋಗುವ ಕಡೆ ಎಂಟು ಗುಂಪುಗಳ ಸ್ಟಾಕ್ ಇಟ್ಟರೆ ನೆಗೆಟಿವ್ ಗುಂಪಿನವೆಲ್ಲ ಹಾಳಾಗುತ್ತವೆ, ಪ್ಲೇಟ್‌ಲೆಟ್ ಇಡುವ ಮಾತೇ ಇಲ್ಲ. ನಿಮ್ಮ ಹತ್ತಿರ ಈಗ ಕೂಡಿರುವ ದುಡ್ಡಿನಲ್ಲಿ ರಕ್ತಕ್ಕೆಂದೇ ಮಾಡಿದ ರೆಫ್ರಿಜರೇಟರ್ ಒಂದು, ಅದಕ್ಕೆ ಜನರೇಟರ್ ಬೆಂಬಲ, ಒಳ್ಳೆಯ ಎರಡು ಕೋಲ್ಡ್ ಬಾಕ್ಸ್ ಬರುತ್ತವೆ. ಆಸ್ಪತ್ರೆಯ ಆಡಳಿತ ವೈದ್ಯಾಧಿಕಾರಿಗಳಿಂದ ಅರ್ಜಿ ಹಾಕಿಸಿ, ಜಿಲ್ಲಾ ಕೇಂದ್ರದ ಜೊತೆ ಒಡಂಬಡಿಕೆ ಬರೆಸಿ. ಅದರಲ್ಲಿ ಮೂರು ವಿಷಯ ಅಕ್ಷರದಲ್ಲಿ ಇರಲಿ: ಚೀಲ ತರುವ ದಿನ ಯಾವುದು, ಹತ್ತು ದಿನ ಉಳಿದಿರುವಾಗ ಮರಳಿಸುವವರು ಯಾರು, ಗಾಡಿಯ ಖರ್ಚು ಯಾರದು. ರಾತ್ರಿ ಪಾಳಿಯ ಟೆಕ್ನಿಷಿಯನ್‌ಗೆ ಕ್ರಾಸ್‌ಮ್ಯಾಚ್ ತರಬೇತಿ ಕೊಡಿಸುವುದನ್ನು ಮರೆಯಬೇಡಿ. ಅದು ಆಗದೆ ಬರೀ ಫ್ರಿಜ್ಜು ಬಂದು ಕೂತ ಆಸ್ಪತ್ರೆಗಳಿವೆ. ಮತ್ತೆ, ನಿಮ್ಮ ಸಂಘದ ಶಿಬಿರ ಅಕ್ಟೋಬರ್ 2ಕ್ಕೆ ಎಂದು ಆಹ್ವಾನ ಪತ್ರಿಕೆಯಲ್ಲಿ ನೋಡಿದೆ. ಆ ದಿನ ಜಿಲ್ಲೆಯಲ್ಲಿ ಬೇರೆ ಶಿಬಿರಗಳೂ ಇವೆ. ದಾನಿಗಳ ಪಟ್ಟಿಯನ್ನು ಎರಡು ಮಾಡಿ, ಅರ್ಧ ಜನರನ್ನು ಡಿಸೆಂಬರ್‌ಗೆ, ಇನ್ನರ್ಧವನ್ನು ಏಪ್ರಿಲ್ ಮೂರನೇ ವಾರಕ್ಕೆ ಇಟ್ಟುಕೊಳ್ಳಲು ಆಗುತ್ತದೆಯೇ ನೋಡಿ. ರಕ್ತ ತೆಗೆಯುವ ತಂಡ ಕಳುಹಿಸುವ ಜವಾಬ್ದಾರಿ ನಮ್ಮದು.